ಸೇತುರಾಮರು ಟಿಕ್ ಹಾಕಿದ ಗೆರೆ

ಸೇತುರಾಮರ ಕೋಣೆಗೆ ಹೋಗುವವರು ಬಾಗಿಲ ಹೊರಗಿನ ಪ್ಲಾಸ್ಟಿಕ್ ಟ್ರೇಯಲ್ಲಿ ಬೀಗದ ಕೈ, ಮೊಬೈಲು, ಪರ್ಸು ಎಲ್ಲ ಇಟ್ಟು ಹೋಗಬೇಕಿತ್ತು. ಮಡಿ ಅಂದರೆ ಅಂಥ ಮಡಿ. ಹದಿನಾಲ್ಕು ವರ್ಷ ಪ್ರತಿ ಮಂಗಳವಾರ ನಾನು ಅಲ್ಲಿಗೆ ಲಿಕ್ವಿಡ್ ನೈಟ್ರೋಜನ್ ತುಂಬಿಸಲು ಹೋಗಿದ್ದೇನೆ. ಒಂದು ಸಲವೂ ಆ ಮನುಷ್ಯ ಪರವಾಗಿಲ್ಲ, ಹಾಗೇ ಬನ್ನಿ ಅಂದವರಲ್ಲ. ಮೊದಲ ವಾರ ನನ್ನ ಕೊರಳಿನ ಕರಡಿಗೆಯ ಮೇಲೆ ಕಣ್ಣು ಬಿತ್ತು. ಬೆಳ್ಳಿಯದು ಸಾರ್, ಅಯಸ್ಕಾಂತಕ್ಕೆ ಅಂಟಲ್ಲ ಅಂದೆ. ಅದರ ಕೊಂಡಿ ಯಾವ ಲೋಹ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಲಿಂಗ ಬಿಚ್ಚಿಡುವುದು ನಮ್ಮಲ್ಲಿಲ್ಲ ಅಂದೆ. ಹಾಗಾದರೆ ನೀವೂ ಹೊರಗೇ ಇರಿ ಅಂದರು. ಮುಂದಿನ ವಾರ ಕೊಂಡಿ ತೆಗೆಸಿ, ಬರೀ ದಾರದಲ್ಲಿ ಕಟ್ಟಿಸಿಕೊಂಡು ಹೋದೆ. ಗಿರಾಕಿ ದೊಡ್ಡವರು, ಏನು ಮಾಡುವುದು.

ನನ್ನ ಅಂಗಡಿ ಇರುವುದು ಸಾರಕ್ಕಿಯಲ್ಲಿ. ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು, ಕೈಗವಸು, ತಣ್ಣನೆಯ ಅನಿಲ ಇವೆಲ್ಲ ಒದಗಿಸುತ್ತೇನೆ. ಸೇತುರಾಮರು ಬನಶಂಕರಿ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಪುಡಿಯೊಳಗೆ ಯಾವ ಅಣು ಎಲ್ಲಿ ಕೂತಿದೆ ಎಂದು ಅಯಸ್ಕಾಂತದಿಂದ ಪತ್ತೆ ಹಚ್ಚುವ ಎನ್‌ಎಂಆರ್ ಯಂತ್ರ ನಡೆಸುತ್ತಿದ್ದರು. ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ, ಆಪರೇಟರ್. ಮನೆ ಜಯನಗರ ನಾಲ್ಕನೇ ಟಿ ಬ್ಲಾಕ್. ಬೆಳಿಗ್ಗೆ ಒಂಬತ್ತಕ್ಕೆ ಮೊಸರನ್ನದ ಡಬ್ಬಿ ಹಿಡಿದು ಬಂದರೆ ಸಂಜೆ ಆರರವರೆಗೆ ಆ ಕೋಣೆ. ಆಳೆತ್ತರಕ್ಕಿಂತ ದೊಡ್ಡದಾದ ಒಂದು ಉಕ್ಕಿನ ಪೀಪಾಯಿ, ಅದರೊಳಗೆ ಅಯಸ್ಕಾಂತ, ಅಯಸ್ಕಾಂತ ಬಿಸಿಯಾಗದಂತೆ ವಾರವಾರವೂ ನನ್ನ ನೈಟ್ರೋಜನ್.

ಅವರ ಕಸುಬು ಹೀಗೆ. ಯಾರೋ ವಿದ್ಯಾರ್ಥಿ ಒಂದು ಪುಡಿ ತರುತ್ತಾನೆ. ಅದನ್ನು ಪೆನ್ನಿನ ಕ್ಯಾಪಿಗಿಂತ ಸಣ್ಣದಾದ ಒಂದು ಬಿಳಿ ಕೊಳವೆಗೆ ಚೂರು ಚೂರೇ ಹಾಕಿ, ಕಡ್ಡಿಯಿಂದ ಒತ್ತಿ, ಮುಚ್ಚಳ ಹಾಕಬೇಕು. ತಳದ ಅರ್ಧಕ್ಕೆ ಕಪ್ಪು ಮಾರ್ಕರಿನಲ್ಲಿ ಗುರುತು. ಎಷ್ಟು ಸುತ್ತು ತಿರುಗಿತು ಎಂದು ಯಂತ್ರ ಎಣಿಸುವುದು ಆ ಗುರುತು ನೋಡಿಯೇ. ಆಮೇಲೆ ಕೊಳವೆಯನ್ನು ಅಯಸ್ಕಾಂತದೊಳಗೆ ಓರೆಯಾಗಿ ಇಳಿಸಿ, ಗಾಳಿಯ ಒತ್ತಡದಿಂದ ತಿರುಗಿಸುತ್ತಾರೆ. ಸೆಕೆಂಡಿಗೆ ಇಪ್ಪತ್ತು ಸಾವಿರ ಸುತ್ತು, ಮೂವತ್ತು ಸಾವಿರ ಸುತ್ತು. ಪುಡಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತುಂಬಿದ್ದರೆ ಕೊಳವೆ ಒಳಗೇ ಚೂರಾಗುತ್ತದೆ, ಯಂತ್ರ ಆರು ತಿಂಗಳು ಮಲಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಸೇತುರಾಮರ ಕೈಯಲ್ಲಿ ಒಂದೂ ಚೂರಾಗಿರಲಿಲ್ಲ. ಎರಡು ಬೆರಳಲ್ಲಿ ಕೊಳವೆ ಹಿಡಿದು, ಕಿವಿಯ ಹತ್ತಿರ ತಂದು ಉಗುರಿನಿಂದ ತಟ್ಟುತ್ತಿದ್ದರು. ಕಲ್ಲಂಗಡಿ ಕೊಳ್ಳುವವರ ಹಾಗೆ ಅಂತ ನಾನು ಒಮ್ಮೆ ಅಂದೆ. ಕಲ್ಲಂಗಡಿ ಕೆಟ್ಟರೆ ನಿಮಗೆ ಇನ್ನೊಂದು ಕೊಡ್ತಾರೆ ಸಾವ್ಕಾರ್ರೇ ಅಂದರು. ನಗಲಿಲ್ಲ.

ಕೊಳವೆ ತಿರುಗುವಾಗ ಪರದೆಯ ಮೇಲೆ ಗೆರೆಗಳು ಏಳುತ್ತವೆ. ಒಂದು ಗೆರೆ ನಿಜವಾದದ್ದು, ಅದರ ಎರಡೂ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಸಮದೂರದಲ್ಲಿ ಹುಟ್ಟುವವು ನೆರಳಿನ ಗೆರೆಗಳು. ಯಾವುದು ನಿಜ, ಯಾವುದು ನೆರಳು ಎಂದು ಹೇಳುವುದೇ ಆಪರೇಟರ್‌ನ ವಿದ್ಯೆ. ಸೇತುರಾಮರ ಸೂತ್ರ ಸರಳವಾಗಿತ್ತು: ವೇಗ ಬದಲಿಸಿ ಮತ್ತೆ ನೋಡು. ನೆರಳುಗಳು ಜಾಗ ಬಿಡುತ್ತವೆ, ನಿಜವಾದದ್ದು ನಿಂತಲ್ಲೇ ನಿಂತಿರುತ್ತದೆ. ನಿಂತದ್ದಕ್ಕೆ ಅವರು ಕೆಂಪು ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕಿ, ಕೆಳಗೆ ಸಹಿ ಮಾಡುತ್ತಿದ್ದರು. ಸಿಮೆಂಟು, ಗಾಜು, ಮಾತ್ರೆಯ ಪುಡಿ, ಎಲ್ಲಕ್ಕೂ ಆ ಸೂತ್ರ ಸರಿಯಾಗಿಯೇ ನಡೆದಿತ್ತು. ಆ ಟಿಕ್ ಬಿದ್ದ ಮೇಲೆ ಪ್ರೊಫೆಸರುಗಳೂ ಮತ್ತೆ ಕೇಳುತ್ತಿರಲಿಲ್ಲ. ಸೇತುರಾಮ್ ನೋಡಿದ್ದಾರೆ ಅಂದರೆ ಮುಗಿಯಿತು.

ಆಮೇಲೆ ಬ್ಯಾಟರಿಯ ಕಾಲ ಬಂತು. ಸ್ಕೂಟರಿನ ಬ್ಯಾಟರಿಗೆ ಹಾಕುವ ಕಪ್ಪು ಪುಡಿಗಳು ಬರತೊಡಗಿದವು. ಅವುಗಳಲ್ಲಿ ಲಿಥಿಯಂ ಜೊತೆಗೆ ಮ್ಯಾಂಗನೀಸ್, ನಿಕ್ಕಲ್ ಇರುತ್ತವೆ. ಇವು ಪ್ಯಾರಾಮ್ಯಾಗ್ನೆಟಿಕ್ ಅಂತೆ. ಒಂದೊಂದು ಕಣವೂ ತಾನೇ ಒಂದು ಪುಟ್ಟ ಅಯಸ್ಕಾಂತ. ಸೇತುರಾಮರೇ ಹೇಳಿದ್ದು: ಲಿಥಿಯಂ ಪಿಸುಮಾತಲ್ಲಿ ತಾನು ಎಲ್ಲಿ ಕೂತಿದ್ದೇನೆ ಅಂತ ಹೇಳಲು ಹೋದರೆ, ಪಕ್ಕದಲ್ಲಿ ಕೂತ ಮ್ಯಾಂಗನೀಸ್ ತಮಟೆ ಬಾರಿಸುತ್ತದೆ. ಗೆರೆಗಳು ಎಲ್ಲೆಲ್ಲಿಗೋ ಹಾರುತ್ತವೆ, ಹರಡಿಕೊಳ್ಳುತ್ತವೆ, ಬಾಚಣಿಗೆಗೆ ಮೂವತ್ತು ನಲವತ್ತು ಹಲ್ಲು.

ಮೇಘಶ್ರೀ ಅಂಥ ಪುಡಿ ತಂದವಳು. ಇಟ್ಟಮಡುವಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ತಾಯಿ ಜಯಶೀಲಾ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಹುಡುಗಿ ಪಿಎಚ್‌ಡಿಗೆ ಸೇರಿ ಆಗಲೇ ನಾಲ್ಕು ವರ್ಷವಾಗಿತ್ತು. ಆಕೆಯ ಗೈಡ್ ಚಿದಾನಂದ್, ಬ್ಯಾಟರಿಯ ಪ್ರೊಫೆಸರು, ಇಸ್ತ್ರಿ ಮುರಿಯದ ಮನುಷ್ಯ. ಮೂವತ್ತು ಹಲ್ಲಿನ ಬಾಚಣಿಗೆಯಲ್ಲಿ ಸೇತುರಾಮರು ವೇಗ ಬದಲಿಸಿ ನೋಡಿದಾಗ ಒಂದೇ ಒಂದು ಗೆರೆ ಅಲುಗಲಿಲ್ಲ. ಮೇಘಶ್ರೀ ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟಳಂತೆ. ಅದು ಬ್ಯಾಟರಿ ತುಂಬಿದರೂ ಖಾಲಿಯಾದರೂ ಜಾಗ ಬಿಡದ ಲಿಥಿಯಂ, ಪುಡಿ ಬಿರುಕು ಬಿಡದಂತೆ ಹಿಡಿದಿಟ್ಟುಕೊಳ್ಳುವುದು ಅದೇ ಎಂದು ಆಕೆಯ ಲೆಕ್ಕಾಚಾರ. ಯಾರೂ ಅಲ್ಲಿಯವರೆಗೆ ಹೇಳದ ಮಾತು.

ಸೇತುರಾಮರು ಅಂದೇ ಟಿಕ್ ಹಾಕಲಿಲ್ಲ. ಪುಡಿಯನ್ನು ತಣ್ಣಗೆ ಮಾಡಿ ಇನ್ನೊಂದು ಸಲ ನೋಡಬೇಕು ಎಂದು ರಿಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡರು. ಅದಕ್ಕೆ ಅಯಸ್ಕಾಂತದ ಪಾಲಿನ ಮೇಲೆ ಹೆಚ್ಚುವರಿ ಎರಡು ಕ್ಯಾನ್ ನೈಟ್ರೋಜನ್ ಬೇಕಿತ್ತು. ಆ ವಾರ ನನ್ನ ಕ್ಯಾನುಗಳು ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದವು. ಈಗಿನ ಮದುವೆಯಲ್ಲಿ ನೈಟ್ರೋಜನ್ನಿನಲ್ಲಿ ಅದ್ದಿದ ಬೀಡಾ ಬಾಯಿಗಿಟ್ಟರೆ ಮೂಗಿನಿಂದ ಹೊಗೆ ಬರಬೇಕು. ಬೀಗರು ಬಾಯಿ ತೆರೆದು ವಿಡಿಯೋ ಮಾಡಿಸಿಕೊಳ್ಳಬೇಕು. ಮುಂದಿನ ವಾರ ತಂದುಕೊಡ್ತೀನಿ ಸಾರ್ ಅಂದೆ. ಮುಂದಿನ ವಾರದ ಹೊತ್ತಿಗೆ ಚಿದಾನಂದ್ ಮೂರು ಸಲ ಫೋನ್ ಮಾಡಿಸಿದ್ದರು, ಲೇಖನ ಕಳಿಸುವ ದಿನ ಬಂದಿತ್ತು, ಸೇತುರಾಮರು ಹದಿನೇಳು ವರ್ಷದ ಸೂತ್ರದ ಮೇಲೆ ಭಾರ ಹಾಕಿ ಕೆಂಪು ಪೆನ್ಸಿಲ್ ಎತ್ತಿದ್ದರು. ನಾನು ತಂದ ಕ್ಯಾನುಗಳನ್ನು ಹಾಗೇ ವಾಪಸ್ ಕಳಿಸಿದರು. ಬೇಡ ಅಂದದ್ದಕ್ಕೆ ನನಗೇನೂ ಬೇಸರವಾಗಲಿಲ್ಲ.

ಲೇಖನ ಅಚ್ಚಾಯಿತು. ಚಿದಾನಂದ್ ಅದನ್ನು ಹಿಡಿದುಕೊಂಡು ನಾಲ್ಕು ದೇಶ ಸುತ್ತಿ ಬಂದರು. ಮೇಘಶ್ರೀ ಅದರ ಮೇಲೆಯೇ ಇನ್ನೆರಡು ವರ್ಷ ಕೆಲಸ ಮಾಡಿ ಥೀಸಿಸ್ ಬರೆದಳು. ಐದು ಅಧ್ಯಾಯದಲ್ಲಿ ಮೂರು ಆ ಒಂದು ಗೆರೆಯ ಮೇಲೆ ನಿಂತಿದ್ದವು. ಸಂಬಳ ಬರುತ್ತಿದ್ದ ಅವಧಿ ಮುಗಿದು, ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. ಮಾರ್ಚ್ ದಾಟಿದರೆ ವಿಶ್ವವಿದ್ಯಾಲಯದ ಪುಸ್ತಕದಿಂದ ಆಕೆಯ ಹೆಸರೇ ಹೋಗುತ್ತಿತ್ತು. ಒಂದು ಕಾಲೇಜಿನವರು, ಡಿಗ್ರಿ ತನ್ನಿ, ಕೆಲಸ ಇದೆ ಎಂದು ಕಾದಿದ್ದರು. ವೈವಾ ಫೆಬ್ರವರಿ ಇಪ್ಪತ್ತಕ್ಕೆ ಗೊತ್ತಾಯಿತು.

ಅದಕ್ಕೆ ಹನ್ನೆರಡು ದಿನ ಇರುವಾಗ ಸುಮನ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಕಪ್ಪು ಪುಡಿ ತಿರುಗುತ್ತಿತ್ತು. ಈ ಸಲ ನೈಟ್ರೋಜನ್ ಇತ್ತು. ತಣ್ಣಗೆ ಮಾಡುತ್ತ ಹೋದಂತೆ ಬಾಚಣಿಗೆಗೆ ಬಾಚಣಿಗೆಯೇ ಒಂದು ಪಕ್ಕಕ್ಕೆ ಸರಿಯಿತು, ನಿಜವಾದ ಗೆರೆಯೂ ಸೇರಿ. ಒಂದು ಗೆರೆ ಮಾತ್ರ ಕಂಬದ ಹಾಗೆ ನಿಂತಿತ್ತು. ಸುಮನ್ ಸಹಜವಾಗಿ, ಅದು ಕೊಳೆ ಸಾರ್, ಪುಡಿ ಒಂದು ವಾರ ಹೊರಗಿತ್ತು, ಗಾಳಿ ತಾಕಿದೆ ಅಂದ.

ಸೇತುರಾಮರಿಗೆ ಅರ್ಥವಾದದ್ದು ಆಗ. ಜೋರಾಗಿ ತಿರುಗಿಸಿದರೆ ಗಾಳಿಯ ಉಜ್ಜಾಟಕ್ಕೆ ಕೊಳವೆ ಬಿಸಿಯಾಗುತ್ತದೆ. ಬಿಸಿಯಾಗಲಿ ತಣ್ಣಗಾಗಲಿ, ಮ್ಯಾಂಗನೀಸಿನ ಪಕ್ಕದ ಲಿಥಿಯಂ ಜಾಗ ಬಿಟ್ಟೇ ಬಿಡುತ್ತದೆ. ಈ ಪುಡಿಗಳಲ್ಲಿ ನಿಜವಾದದ್ದೂ ಓಡಾಡುತ್ತದೆ. ಅಲುಗದೆ ನಿಲ್ಲುವುದು ಮ್ಯಾಂಗನೀಸಿನ ಸಹವಾಸವೇ ಇಲ್ಲದ್ದು. ಅಂದರೆ ಪುಡಿಯ ಮೈಮೇಲೆ ಗಾಳಿ, ತೇವ ಕೂಡಿ ಕಟ್ಟಿದ ಹಕ್ಕಳೆ. ಕೊಳೆಯ ಗೆರೆ ಸಾಮಾನ್ಯವಾಗಿ ಪರದೆಯ ಅಳತೆಪಟ್ಟಿಯ ಸೊನ್ನೆಯ ಮೇಲೆ ಕೂರುತ್ತದೆ. ಮೇಘಶ್ರೀಯ ಪುಡಿಯಲ್ಲಿ ಅದು ಸ್ವಲ್ಪ ಆಚೆ ಕೂತಿದ್ದರಿಂದ ಯಾರೂ ಅನುಮಾನಿಸಿರಲಿಲ್ಲ. ಸಿಮೆಂಟಿಗೆ ಸರಿಯಾದ ಸೂತ್ರವನ್ನು ಬ್ಯಾಟರಿಗೆ ಹಾಕಿದ್ದರು.

ಸೇತುರಾಮರು ಯಾರ ಪುಡಿಯನ್ನೂ ಬಿಸಾಡುವವರಲ್ಲ. ಮಿಕ್ಕದ್ದನ್ನು ಸಣ್ಣ ಸೀಸೆಯಲ್ಲಿ ಹಾಕಿ, ಹೆಸರು, ತಾರೀಖು ಬರೆದು ಇಡುತ್ತಿದ್ದರು. ಮೇಘಶ್ರೀಯ ಸೀಸೆ ತೆಗೆದು, ತುಂಬಿ, ತಣ್ಣಗೆ ಮಾಡಿ ನೋಡಿದರು. ಟಿಕ್ ಹಾಕಿದ ಗೆರೆ ಅಲುಗಲಿಲ್ಲ.

ಮರುದಿನ ಮಂಗಳವಾರ. ಕ್ಯಾನ್ ಇಳಿಸಿ ಮುಗಿದ ಮೇಲೆ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಎಲ್ಲ ಹೇಳಿ, ಅವರಿಗೆ ನಿವೃತ್ತಿಗೆ ಎರಡು ತಿಂಗಳಿದೆ ಎಂಬುದನ್ನೂ ತಾವೇ ಹೇಳಿದರು. ನಾನು ವ್ಯಾಪಾರಸ್ಥ, ಅಂಗಡಿ ಮೆಟ್ಟಿಲು ಇಳಿದ ಸರಕಿನ ಬಗ್ಗೆ ಯೋಚಿಸುವುದು ನಮ್ಮ ಅಭ್ಯಾಸವಲ್ಲ.

"ಸುಮ್ನಿದ್ಬಿಡಿ ಸಾರ್," ಅಂದೆ. "ಆ ಪುಡಿಯಿಂದ ಯಾರೂ ಸಾಯಲ್ಲ. ಆ ಹುಡುಗಿ ಹೆಸರಿನ ಮುಂದೆ ಎರಡಕ್ಷರ ಬರುತ್ತೆ, ಅಷ್ಟೇ."

"ಕೆಳಗಡೆ ನನ್ನ ಸಹಿ ಇದೆಯಲ್ಲ ಶಿವರಾಜ್."

"ಅದನ್ನ ಯಾರು ಓದ್ತಾರೆ?"

ಅವರು ಕಾಫಿ ಲೋಟವನ್ನು ತಿರುಗಿಸುತ್ತ ಕೂತರು. ನಾನೇ ಓದ್ತೀನಿ ಅಂತೇನೂ ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ನಗು ಬರುತ್ತಿತ್ತೋ ಏನೋ.

ಮೊದಲು ಚಿದಾನಂದರ ಹತ್ತಿರ ಹೋದರು. ಪ್ರೊಫೆಸರು ಹಳೆಯದು, ಹೊಸದು ಎರಡು ಹಾಳೆಯನ್ನೂ ನೋಡಿ, ಬಾಗಿಲು ಮುಚ್ಚಿಬರಲು ಹೇಳಿ, ನಾನು ಇದನ್ನು ನೋಡಿಲ್ಲ, ನೀವು ತೋರಿಸಿಲ್ಲ ಎಂದರಂತೆ. ಎರಡು ತಿಂಗಳಲ್ಲಿ ದೊಡ್ಡ ಸಮಾರಂಭ ಮಾಡಿ ಬೀಳ್ಕೊಡೋಣ, ನೆಮ್ಮದಿಯಾಗಿ ಹೋಗಿ ಎಂದರಂತೆ. ಸೇತುರಾಮರು ಅಲ್ಲಿಂದ ನೇರ ಮೇಘಶ್ರೀ ಕೂರುವ ಕೋಣೆಗೆ ಹೋಗಿ, ಆಕೆಯ ಮುಂದೆ ಹಾಳೆ ಇಟ್ಟರು. ಹುಡುಗಿ ಜಾಣೆ, ವಿವರಿಸುವ ಅಗತ್ಯ ಬೀಳಲಿಲ್ಲ. ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದಳಂತೆ:

"ನನಗ್ಯಾಕೆ ಹೇಳಿದ್ರಿ ಸಾರ್? ಗೊತ್ತಿಲ್ದೇ ಇದ್ದಿದ್ರೆ ಅಲ್ಲಿ ನಿಂತ್ಕೊಂಡು ನಾನು ಹೇಳೋದೆಲ್ಲ ನಿಜಾನೇ ಆಗಿರ್ತಿತ್ತು. ಈಗ ಅದೇ ಮಾತು ಸುಳ್ಳಾಗುತ್ತೆ."

ಆಕೆಯೇ ಒಂದು ದಾರಿ ಹೇಳಿದಳು. ವೈವಾ ಮುಗಿಯಲಿ, ಹೆಸರು ಉಳಿಯಲಿ. ಆಮೇಲೆ ನಾನೇ ಲೇಖನ ಅಚ್ಚಾದ ಪತ್ರಿಕೆಗೆ ಬರೆದು ತಪ್ಪು ಒಪ್ಪಿಕೊಳ್ಳುತ್ತೇನೆ, ನಿಮ್ಮ ಹಾಳೆಯನ್ನೂ ಲಗತ್ತಿಸುತ್ತೇನೆ. ಅಲ್ಲಿಯವರೆಗೆ ಸುಮ್ಮನಿರಿ. ಸೇತುರಾಮರು ಒಪ್ಪಿದರು. ಅದನ್ನು ನನಗೆ ಹೇಳುವಾಗ ಅವರ ಮುಖ ಹಗುರಾಗಿತ್ತು. ಒಳ್ಳೆಯ ಏರ್ಪಾಡು, ಎರಡೂ ಕಡೆಗೆ ನಷ್ಟವಿಲ್ಲ ಅಂತ ನನಗೂ ಅನ್ನಿಸಿತು.

ವೈವಾ ಅನ್ನುವುದು ಬಹಿರಂಗವಾಗಿ ನಡೆಯುತ್ತದೆ. ಯಾರು ಬೇಕಾದರೂ ಕೂತು ಕೇಳಬಹುದು, ಕೊನೆಯಲ್ಲಿ ಪ್ರಶ್ನೆಯನ್ನೂ ಕೇಳಬಹುದು. ಯಾರೂ ಕೇಳುವುದಿಲ್ಲ. ಆ ಹೊತ್ತಿಗೆ ಹೊರಗೆ ಸಮೋಸ ಬಂದಿರುತ್ತದೆ. ಅಂದು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಪಕ್ಕದಲ್ಲಿ ಜಯಶೀಲಾ, ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಮೈಸೂರು ಪಾಕಿನ ನಾಲ್ಕು ಡಬ್ಬಿ ಇಟ್ಟುಕೊಂಡಿದ್ದರು. ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಅವರಿಗಾಗಲಿ ನನಗಾಗಲಿ ತಿಳಿಯುತ್ತಿರಲಿಲ್ಲ. ಇಬ್ಬರೂ ತಿಳಿದವರ ಹಾಗೆ ತಲೆಯಾಡಿಸುತ್ತಿದ್ದೆವು. ಸೇತುರಾಮರು ನಮ್ಮ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಒಂದು ನೀಲಿ ಫೈಲು.

ಪರೀಕ್ಷಕರು ಹೊರಗಿನಿಂದ ಬಂದ ವಯಸ್ಸಾದ ಮೇಷ್ಟ್ರು, ಕನ್ನಡದವರೇ. ಒಂದು ಗಂಟೆ ಏನೇನೋ ಕೇಳಿ, ಕೊನೆಗೆ ಪರದೆಯ ಮೇಲಿದ್ದ ಆ ಗೆರೆಗೆ ಬೆರಳು ತೋರಿಸಿ, ಇದನ್ನ ತಣ್ಣಗೆ ಮಾಡಿ ನೋಡಿದ್ರೇನಮ್ಮ ಎಂದು ಕೇಳಿದರು. ಸಹಜವಾಗಿ ಕೇಳಿದ್ದು, ಸಂಶಯದಿಂದಲ್ಲ. ಮೇಘಶ್ರೀ ಸೇತುರಾಮರ ಕಡೆ ನೋಡಿದಳು. ಚಿದಾನಂದ್ ಕೂತಲ್ಲಿಂದಲೇ ಉತ್ತರಿಸಿದರು.

"ಆಗ ನಮ್ಮ ಆ ಕೋಣೇಲಿ ಅಂಥ ವ್ಯವಸ್ಥೆ ಇರ್ಲಿಲ್ಲ ಸಾರ್. ಆಪರೇಟರ್ ಲೆವೆಲ್‌ನಲ್ಲಿ ಅದೆಲ್ಲ ಆಗ್ತಿರ್ಲಿಲ್ಲ."

ಪರೀಕ್ಷಕರು ಸರಿ ಸರಿ ಎಂದು ಏನೋ ಗುರುತು ಹಾಕಿಕೊಂಡರು. ಅಧ್ಯಕ್ಷರು ಸಭಿಕರ ಕಡೆ ತಿರುಗಿ, ಯಾರದಾದರೂ ಪ್ರಶ್ನೆ ಇದೆಯೇ ಎಂದು, ಇಲ್ಲವೆಂದು ಗೊತ್ತಿರುವ ದನಿಯಲ್ಲಿ ಕೇಳಿದರು. ಸೇತುರಾಮರು ಎದ್ದು ನಿಂತರು.

"ವ್ಯವಸ್ಥೆ ಇತ್ತು ಸಾರ್. ಹತ್ತೊಂಬತ್ತು ವರ್ಷದಿಂದ ಇದೆ. ಇದೇ ಪುಡೀನ ನಾನು ಹನ್ನೆರಡು ದಿನದ ಹಿಂದೆ ತಣ್ಣಗೆ ಮಾಡಿ ನೋಡಿದೀನಿ. ಅದು ಅಲುಗಲ್ಲ. ಅದು ಕೊಳೆ. ತಪ್ಪು ನಂದು, ಆ ಹುಡುಗಿದಲ್ಲ."

ಫೈಲು ಮುಂದಕ್ಕೆ ಹೋಯಿತು. ಪರೀಕ್ಷಕರು ಕನ್ನಡಕ ಬದಲಿಸಿ ಎರಡು ಹಾಳೆಯನ್ನೂ ನೋಡಿದರು. ಜಯಶೀಲಾ ನನ್ನ ಕಡೆ ಬಾಗಿ, ಮುಗೀತಾ ಅಣ್ಣ, ಡಬ್ಬಿ ತೆಗೀಲಾ ಅಂತ ಕೇಳಿದರು. ಇರಿ ಅಕ್ಕ ಅಂದೆ. ಬೇರೆ ಏನು ಹೇಳಲಿ.

ಅವರು ಎದ್ದದ್ದು ಸತ್ಯಕ್ಕೋ, ತನ್ನ ಕೋಣೆಯಲ್ಲಿ ವ್ಯವಸ್ಥೆ ಇಲ್ಲ ಅಂದದ್ದಕ್ಕೋ? ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹನ್ನೆರಡು ದಿನ ನುಂಗಿಕೊಂಡಿದ್ದ ಮನುಷ್ಯ. ಚಿದಾನಂದ್ ಬೇರೆ ಯಾವುದಾದರೂ ನೆವ ಹೇಳಿದ್ದರೆ ಇನ್ನೂ ಹನ್ನೆರಡು ನಿಮಿಷ ನುಂಗಿಕೊಳ್ಳುತ್ತಿದ್ದರು ಅಂತಲೇ ನನ್ನ ಅನಿಸಿಕೆ. ಆದರೆ ನನ್ನ ಕ್ಯಾನುಗಳು ಮದುವೆಗೆ ಹೋಗದಿದ್ದರೆ ಇದಾವುದೂ ಇರುತ್ತಿರಲಿಲ್ಲ. ಹಾಗಾಗಿ ಅವರ ಮನಸ್ಸನ್ನು ತೂಗುವ ತಕ್ಕಡಿ ನನ್ನ ಹತ್ತಿರ ಇದ್ದರೂ ಎತ್ತುವುದಿಲ್ಲ.

ಥೀಸಿಸ್ಸು ತಿದ್ದುಪಡಿಗೆ ವಾಪಸಾಯಿತು. ಮೂರು ಅಧ್ಯಾಯ ಹೊಸದಾಗಿ ಬರೆಯಬೇಕು, ಪುಡಿ ಹೊಸದಾಗಿ ಮಾಡಬೇಕು. ಉಳಿದಿದ್ದದ್ದು ನಲವತ್ತು ದಿನ. ಇನ್ನೊಂದು ಅವಧಿಗೆ ಗೈಡಿನ ಶಿಫಾರಸು ಬೇಕಿತ್ತು. ಚಿದಾನಂದ್ ಕೊಡಲಿಲ್ಲ. ಪುಡಿಗೆ ಗಾಳಿ ತಾಕಿಸಿದ್ದು ವಿದ್ಯಾರ್ಥಿಯ ಅಜಾಗರೂಕತೆ, ಗುರುತಿಸದೆ ಹೋದದ್ದು ಆಪರೇಟರ್‌ನ ಅಜ್ಞಾನ ಎಂದು ಎರಡು ಸಾಲು ಬರೆದು ಅವರು ಹೊರಗುಳಿದರು. ಮಾರ್ಚ್ ಕೊನೆಗೆ ಮೇಘಶ್ರೀಯ ಹೆಸರು ಪುಸ್ತಕದಿಂದ ಹೋಯಿತು. ಕಾಲೇಜಿನವರು ಬೇರೆಯವರನ್ನು ತೆಗೆದುಕೊಂಡರು.

ನಿವೃತ್ತಿಗೆ ಉಳಿದಿದ್ದ ದಿನಗಳಲ್ಲಿ ಸೇತುರಾಮರು ಏನು ಮಾಡಿದರು ಅಂದರೆ, ಬೀರುವಿನಲ್ಲಿದ್ದ ಕಪ್ಪು ಪುಡಿಯ ಸೀಸೆಗಳನ್ನೆಲ್ಲ ತೆಗೆದು ಒಂದೊಂದಾಗಿ ತಣ್ಣಗೆ ಮಾಡಿ ನೋಡಿದರು. ಹನ್ನೊಂದು ಸೀಸೆ. ನಾನು ವಾರಕ್ಕೆ ಎರಡು ಸಲ ನೈಟ್ರೋಜನ್ ಕೊಟ್ಟೆ, ಕೇಳಿದಷ್ಟು ಕೊಟ್ಟೆ. ಇನ್ನೂ ಎರಡರಲ್ಲಿ ತಪ್ಪು ಸಿಕ್ಕಿತು. ಅವನ್ನು ತಂದಿದ್ದ ಇಬ್ಬರೂ ಆಗಲೇ ಡಾಕ್ಟರುಗಳಾಗಿ ಎಲ್ಲೋ ಇದ್ದರು. ಸೇತುರಾಮರು ಪತ್ರ ಬರೆದರು, ಇಬ್ಬರಿಂದಲೂ ಉತ್ತರ ಬರಲಿಲ್ಲ. ಕಾರಿಡಾರಿನಲ್ಲಿ ವಿದ್ಯಾರ್ಥಿಗಳು ಅವರನ್ನು ಕಂಡರೆ ಪಕ್ಕದ ಮೆಟ್ಟಿಲು ಹಿಡಿಯುತ್ತಿದ್ದರು. ಅವರ ಸಹಿ ಇರುವ ಹಾಳೆಗಳನ್ನು ಇನ್ನೊಮ್ಮೆ ಪರಿಶೀಲಿಸದೆ ಬಳಸಬಾರದೆಂದು ಒಂದು ಸುತ್ತೋಲೆಯೂ ಬಂತು. ಸಮಾರಂಭ ನಡೆಯಲಿಲ್ಲ. ಕೊನೆಯ ದಿನ ಕಚೇರಿಯ ಒಬ್ಬರು ಶಾಲಿನ ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟು ಹೋದರು. ಮನೆಯಲ್ಲಿ ಹೆಂಡತಿ ಸೀತಾಲಕ್ಷ್ಮಿ ಅದನ್ನು ಬಿಚ್ಚಲೂ ಇಲ್ಲ, ಯಾಕೆ ಎಂದು ಕೇಳಲೂ ಇಲ್ಲ. ಹಾಗೇ ಗಾಡ್ರೇಜಿನೊಳಗೆ ಇಟ್ಟರಂತೆ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಫೋನ್ ಮಾಡಿ, ಇಟ್ಟಮಡುವಿಗೆ ಬಿಡ್ತೀರಾ ಅಂದರು. ನನ್ನ ಸ್ಕೂಟರಿನ ಹಿಂದೆ ಕೂತು, ಎದೆಗೆ ಒಂದು ದಪ್ಪ ಫೈಲು ಅವುಚಿಕೊಂಡಿದ್ದರು. ಕೊಳೆಯ ಗೆರೆ ತೆಗೆದುಹಾಕಿ ಉಳಿದದ್ದನ್ನು ಸರಿಯಾಗಿ ಓದಿದರೆ, ಓಡಾಡುವ ಗೆರೆಗಳಲ್ಲೇ ಒಂದು ಒಳ್ಳೆಯ ವಿಷಯ ಇದೆಯಂತೆ. ಆಕೆಯ ಪುಡಿ ನಿಜವಾಗಿಯೂ ಚೆನ್ನಾಗಿತ್ತಂತೆ. ಎಲ್ಲ ಬಿಡಿಸಿ, ಅಂಕಿ ಹಾಕಿ, ನೂರಹತ್ತು ಪುಟ ಬರೆದಿದ್ದರು. ಈಗ ಅದು ಯಾವ ಕೆಲಸಕ್ಕೆ ಸಾರ್ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ; ಟ್ರಾಫಿಕ್ ಇತ್ತು.

ಮನೆಯ ಮುಂದೆ ಕಬ್ಬಿಣದ ಗ್ರಿಲ್ಲು. ಜಯಶೀಲಾ ಬಂದು ನೋಡಿ, ಬೀಗ ತೆಗೆಯದೆ, ಒಳಗೆ ಹೋಗಿ ಮಗಳನ್ನು ಕಳಿಸಿದರು. ಮೇಘಶ್ರೀ ಗ್ರಿಲ್ಲಿನ ಆಚೆ ನಿಂತಳು. ಸೇತುರಾಮರು ನಿಂತಲ್ಲೇ ಫೈಲು ತೆರೆದು ಮೊದಲ ಪುಟದಿಂದ ಹೇಳತೊಡಗಿದರು. ಯಾವ ತಾಪದಲ್ಲಿ ಎಷ್ಟು ಸರಿಯಿತು, ಎಲ್ಲಿ ನಿಂತಿತು. ಆಕೆ ಪೂರ್ತಿ ಕೇಳಿಸಿಕೊಂಡಳು. ಕೈ ಮುಂದೆ ಚಾಚಲಿಲ್ಲ.

"ನೀವು ಮಾಡಿದ್ದು ಸರಿ ಅಂತ ಎಲ್ರೂ ಹೇಳ್ತಾರೆ ಸಾರ್," ಅಂದಳು. "ಇರ್ಬೋದು. ನಾನು ದಿನಾ ಬೆಳಿಗ್ಗೆ ಅರೆಕೆರೆಗೆ ಹೋಗಿ ಹತ್ತನೇ ಕ್ಲಾಸಿನವರಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳ್ತೀನಿ. ಅದನ್ನ ಅಭ್ಯಾಸ ಮಾಡ್ಕೋತಾ ಇದೀನಿ. ಇದೆಲ್ಲ ನೋಡಿದ್ರೆ ಆಗಲ್ಲ. ನಿಮ್ಮ ಮೇಲೆ ಕೋಪ ಇಲ್ಲ. ಇನ್ಮೇಲೆ ಬರ್ಬೇಡಿ."

ಒಳಗಿನಿಂದ ಜಯಶೀಲಾ ನೀರು ತಂದು, ಗ್ರಿಲ್ಲಿನ ಸಂದಿಯಲ್ಲಿ ಲೋಟ ಕೊಟ್ಟರು. ಬಿಸಿಲಿನಲ್ಲಿ ಬಂದವರಿಗೆ ನೀರು ಕೊಡದೆ ಕಳಿಸುವ ಹೆಂಗಸಲ್ಲ. ಸೇತುರಾಮರು ಪೂರ್ತಿ ಕುಡಿದು ಲೋಟ ವಾಪಸ್ ಕೊಟ್ಟರು. ಬಾಗಿಲು ಹಾಕಿಕೊಂಡಿತು, ಮೆತ್ತಗೆ.

ಮನೆಗೆ ಬಿಡ್ತೀನಿ ಅಂದೆ. ಬೇಡ, ಬಸ್ಸಲ್ಲಿ ಹೋಗ್ತೀನಿ ಅಂದರು. ಸ್ಟಾಪಿನವರೆಗೆ ಜೊತೆಗೆ ನಡೆದೆ. ಖಾಲಿ ಬಸ್ಸು ಎರಡು ಬಂದವು, ಎರಡನ್ನೂ ಬಿಟ್ಟರು. ಆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂರುವುದು ಬೇಡವಾಗಿತ್ತೋ ಏನೋ. ಮೂರನೆಯದು ತುಂಬಿ, ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಫೈಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಅದಕ್ಕೆ ಹತ್ತಿದರು.